ಲಿಮಕ್ಸ್

ಲಿಮಕ್ಸ್ ಎಂಬುದು ಜರ್ಮನಿಯ ಬವೇರಿಯಾ ರಾಜ್ಯದ ರಾಜಧಾನಿಯಾದ ಮ್ಯೂನಿಕ್ ನಗರದ ಆಡಳಿತವು ತನ್ನ ಕಚೇರಿಗಳ ಗಣಕಯಂತ್ರಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಾಯಿಸಲು ಕೈಗೊಂಡ ಯೋಜನೆ. ಆ ಯೋಜನೆಗಾಗಿ ಸಿದ್ಧಪಡಿಸಿದ ಲಿನಕ್ಸ್ ಆವೃತ್ತಿಗೂ ಇದೇ ಹೆಸರಿದೆ. 2003ರಲ್ಲಿ ನಗರ ಪರಿಷತ್ತು ಈ ಬದಲಾವಣೆಗೆ ತಾತ್ವಿಕ ಒಪ್ಪಿಗೆ ನೀಡಿತು. 2006ರಲ್ಲಿ ಮೊದಲ ಯಂತ್ರಗಳು ಲಿನಕ್ಸ್‌ನಲ್ಲಿ ಕೆಲಸ ಆರಂಭಿಸಿದವು. 2013ರ ಕೊನೆಯ ವೇಳೆಗೆ ಸುಮಾರು 15,000 ಯಂತ್ರಗಳು ಬದಲಾಗಿ, ಯೋಜನೆ ಮುಗಿಯಿತೆಂದು ಘೋಷಿಸಲಾಯಿತು. ನಾಲ್ಕೇ ವರ್ಷಗಳ ಬಳಿಕ, 2017ರಲ್ಲಿ, ಅದೇ ನಗರ ಪರಿಷತ್ತು ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು.

ಕಚೇರಿಗೆ ಯಾವ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಸೂಕ್ತವೆಂಬ ಚರ್ಚೆ ನಡೆದಲ್ಲೆಲ್ಲ ಮ್ಯೂನಿಕ್‌ನ ಹೆಸರು ಬರುತ್ತದೆ. ಲಿನಕ್ಸ್ ಪರವಾದವರು ಅದನ್ನು ಒಂದು ದೊಡ್ಡ ನಗರದ ಧೈರ್ಯವೆಂದೂ, ವಿರೋಧಿಸುವವರು ವಿಫಲ ಪ್ರಯೋಗವೆಂದೂ ಉಲ್ಲೇಖಿಸುತ್ತಾರೆ. ಎರಡೂ ಅವಸರದ ತೀರ್ಪುಗಳು. ಅಲ್ಲಿ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಕಾರ್ಯಾಚರಣ ವ್ಯವಸ್ಥೆಗೆ ಸಂಬಂಧಿಸಿದವಾಗಿರಲಿಲ್ಲ. ಅದನ್ನು ಆಶ್ರಯಿಸಿದ್ದ ಪತ್ರದ ನಮೂನೆಗಳು, ಇಲಾಖೆಗಳ ವಿಶೇಷ ತಂತ್ರಾಂಶಗಳು ಹಾಗೂ ಗಣಕ ವಿಭಾಗದೊಳಗೆ ಹಂಚಿಹೋಗಿದ್ದ ಹೊಣೆಗಾರಿಕೆ, ಇವೇ ಅವುಗಳ ಮೂಲವಾಗಿದ್ದವು.

ಹೆಸರು

ಲಿನಕ್ಸ್ ಎಂಬ ಪದವನ್ನೂ ನಗರದ ಜರ್ಮನ್ ಹೆಸರಾದ ಮ್ಯೂನ್‌ಶೆನ್ ಎಂಬುದನ್ನೂ ಕೂಡಿಸಿ ಲಿಮಕ್ಸ್ ಎಂಬ ಹೆಸರನ್ನು ರೂಪಿಸಲಾಗಿದೆ. ಲಿನಕ್ಸ್‌ನ ಲಾಂಛನ ಪೆಂಗ್ವಿನ್ ಹಕ್ಕಿ. ಮ್ಯೂನಿಕ್ ನಗರದ ಲಾಂಛನದಲ್ಲಿರುವುದು ಸಂನ್ಯಾಸಿಯ ನಿಲುವಂಗಿ ತೊಟ್ಟ ಬಾಲರೂಪ. ಯೋಜನೆಯ ಲಾಂಛನದಲ್ಲಿ ಪೆಂಗ್ವಿನ್‌ಗೆ ಅದೇ ನಿಲುವಂಗಿಯನ್ನು ತೊಡಿಸಲಾಗಿತ್ತು.

ಹಿನ್ನೆಲೆ

2000ದ ದಶಕದ ಆರಂಭದಲ್ಲಿ ಮ್ಯೂನಿಕ್ ನಗರಾಡಳಿತದಲ್ಲಿ ಸುಮಾರು 14,000 ಗಣಕಯಂತ್ರಗಳಿದ್ದವು; ಅವುಗಳನ್ನು ಸುಮಾರು 16,000 ನೌಕರರು ಬಳಸುತ್ತಿದ್ದರು. ಇವುಗಳಲ್ಲಿದ್ದುದು 1996ರಲ್ಲಿ ಬಿಡುಗಡೆಯಾದ ವಿಂಡೋಸ್ ಎನ್‌ಟಿ 4.0 ಎಂಬ ಆವೃತ್ತಿ. ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಬೆಂಬಲ ನಿಂತ ಮೇಲೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರ ಸಿಗುವುದಿಲ್ಲ. ಎನ್‌ಟಿ 4.0ಗೆ ಯುಎಸ್‌ಬಿ ಸಾಧನಗಳ ಪರಿಚಯವೂ ಇರಲಿಲ್ಲ. ಆದ್ದರಿಂದ ಹೊಸ ಯಂತ್ರಾಂಶ ಕೊಂಡರೂ ಅದನ್ನು ಪೂರ್ಣವಾಗಿ ಬಳಸುವಂತಿರಲಿಲ್ಲ. ಹೀಗಾಗಿ ಬದಲಾವಣೆ ಬೇಕೆ ಬೇಡವೆ ಎಂಬ ಆಯ್ಕೆ ನಗರಕ್ಕೆ ಉಳಿದಿರಲಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಹೋಗುವುದೋ ಲಿನಕ್ಸ್‌ಗೆ ಹೋಗುವುದೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ಈ ಅಂಶವನ್ನು ಮರೆತು ಲಿನಕ್ಸ್‌ಗೆ ಆದ ಖರ್ಚನ್ನು ಮಾತ್ರ ಎತ್ತಿ ತೋರಿಸುವ ಬರಹಗಳು ಅನೇಕವಿವೆ.

ಬದಲಾವಣೆಯ ದಿನ ತನ್ನ ಕೈಯಲ್ಲಿಲ್ಲ, ಮಾರಾಟಗಾರನ ಕೈಯಲ್ಲಿದೆ ಎಂಬುದು ಪರಿಷತ್ತಿನ ಹಲವು ಸದಸ್ಯರನ್ನು ಕಾಡಿದ ಸಂಗತಿ. ಲಿನಕ್ಸ್ ಮುಕ್ತ ತಂತ್ರಾಂಶ. ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಂದು ಕಂಪನಿ ಕೈಬಿಟ್ಟರೆ ಇನ್ನೊಂದನ್ನು ನೇಮಿಸಿಕೊಳ್ಳಬಹುದು. ಸ್ಥಳೀಯ ಸಣ್ಣ ಸಂಸ್ಥೆಗಳಿಗೂ ಕೆಲಸ ಕೊಡಬಹುದು. ಹಣದ ಉಳಿತಾಯಕ್ಕಿಂತ ಈ ಸ್ವಾತಂತ್ರ್ಯವೇ ಯೋಜನೆಯ ಮುಖ್ಯ ಉದ್ದೇಶವೆಂದು ನಗರವು ಆರಂಭದಿಂದಲೂ ಹೇಳುತ್ತ ಬಂದಿತು.

2003ರ ನಿರ್ಣಯ

ಯಾವ ಮಾರ್ಗ ಸೂಕ್ತವೆಂದು ಪರಿಶೀಲಿಸಲು ನಗರವು ಯೂನಿಲಾಗ್ ಎಂಬ ಸಲಹಾ ಸಂಸ್ಥೆಯನ್ನು ನೇಮಿಸಿತು. ಶುದ್ಧ ಹಣದ ಲೆಕ್ಕದಲ್ಲಿ ಮೈಕ್ರೋಸಾಫ್ಟ್ ಮಾರ್ಗ ಅಗ್ಗವೆಂದೂ, ಸ್ವಾವಲಂಬನೆ ಮುಂತಾದ ದೀರ್ಘಕಾಲದ ಅಂಶಗಳನ್ನು ಸೇರಿಸಿದರೆ ಲಿನಕ್ಸ್ ಮೇಲೆಂದೂ ಅದರ ವರದಿ ಹೇಳಿತು. ಅದೇ ಅವಧಿಯಲ್ಲಿ, 2003ರ ಮಾರ್ಚ್‌ನಲ್ಲಿ, ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವಿಟ್ಜರ್ಲೆಂಡ್‌ನಲ್ಲಿ ಕಳೆಯುತ್ತಿದ್ದ ರಜೆಯನ್ನು ನಡುವೆಯೇ ಬಿಟ್ಟು ಮ್ಯೂನಿಕ್‌ಗೆ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಭೇಟಿಯಾದರು. ಸಂಸ್ಥೆಯು ತನ್ನ ಬೆಲೆಯನ್ನು ಗಣನೀಯವಾಗಿ ಇಳಿಸಿತು. ಒಂದು ನಗರಾಡಳಿತದ ಖರೀದಿಗಾಗಿ ಜಗತ್ತಿನ ಅತಿ ದೊಡ್ಡ ತಂತ್ರಾಂಶ ಕಂಪನಿಯ ಮುಖ್ಯಸ್ಥರೇ ಬಂದುದು ಆ ನಿರ್ಣಯಕ್ಕೆ ಜಗತ್ತಿನಾದ್ಯಂತ ಪ್ರಚಾರ ತಂದಿತು.

2003ರ ಮೇ 28ರಂದು ನಗರ ಪರಿಷತ್ತು ಲಿನಕ್ಸ್ ಪರವಾಗಿ ತಾತ್ವಿಕ ನಿರ್ಣಯ ಕೈಗೊಂಡಿತು. ಐಬಿಎಂ ಹಾಗೂ ನ್ಯೂರೆಂಬರ್ಗ್‌ನ ಸೂಸೆ ಸಂಸ್ಥೆಗಳ ನೆರವಿನಿಂದ ವಿವರವಾದ ಯೋಜನೆ ಸಿದ್ಧವಾಯಿತು. 2004ರ ಜೂನ್ 16ರಂದು ಅದನ್ನು ಜಾರಿಗೊಳಿಸಲು ಪರಿಷತ್ತು ಒಪ್ಪಿತು.

ಒಪ್ಪಿಗೆಯ ಬೆನ್ನಲ್ಲೇ ಒಂದು ಅನಿರೀಕ್ಷಿತ ಅಡ್ಡಿ ಬಂತು. ತಂತ್ರಾಂಶಗಳಿಗೆ ಪೇಟೆಂಟ್ ನೀಡುವ ಕಾನೂನನ್ನು ಐರೋಪ್ಯ ಒಕ್ಕೂಟ ಆಗ ಚರ್ಚಿಸುತ್ತಿತ್ತು. ಆ ಕಾನೂನು ಬಂದರೆ ಲಿನಕ್ಸ್ ಬಳಸುವ ನಗರದ ಮೇಲೆ ಮೊಕದ್ದಮೆಗಳು ಬೀಳಬಹುದೆಂಬ ಆತಂಕದಿಂದ 2004ರ ಆಗಸ್ಟ್‌ನಲ್ಲಿ ಟೆಂಡರ್ ಪ್ರಕ್ರಿಯೆಯನ್ನು ತಡೆಹಿಡಿಯಲಾಯಿತು. ಕಾನೂನು ತಜ್ಞರ ಅಭಿಪ್ರಾಯ ಪಡೆದ ಮೇಲೆ ಕೆಲಸ ಮುಂದುವರಿಯಿತು. ಆ ಮಸೂದೆಯನ್ನು ಐರೋಪ್ಯ ಸಂಸತ್ತು 2005ರ ಜುಲೈ 6ರಂದು 648 ಮತಗಳಿಂದ ತಿರಸ್ಕರಿಸಿತು. ಅದರ ಪರವಾಗಿ ಬಿದ್ದುದು 14 ಮತಗಳು ಮಾತ್ರ.

ತಾಂತ್ರಿಕ ಸ್ವರೂಪ

2005ರಲ್ಲಿ ನಡೆದ ಟೆಂಡರ್‌ನಲ್ಲಿ ಸೂಸೆ ಆಯ್ಕೆಯಾಗಲಿಲ್ಲ. ಯಾವ ಕಂಪನಿಯ ಒಡೆತನಕ್ಕೂ ಸೇರದೆ ಸ್ವಯಂಸೇವಕರಿಂದ ನಡೆಯುವ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಆಧಾರವಾಗಿಟ್ಟುಕೊಂಡ ಸಾಫ್ಟ್‌ಕಾನ್ ಮತ್ತು ಗೋನಿಕಸ್ ಸಂಸ್ಥೆಗಳಿಗೆ ಗುತ್ತಿಗೆ ದೊರೆಯಿತು. ಮುಂದೆ ಹೊಸ ಯಂತ್ರಾಂಶಗಳೊಡನೆ ಹೊಂದಿಕೆಯಾಗಲೆಂದು ಉಬುಂಟು ಕುಟುಂಬದ ಕುಬುಂಟು ಆವೃತ್ತಿಗೆ ಬದಲಾಯಿಸಲಾಯಿತು. 2011ರ ಲಿಮಕ್ಸ್ 4.0ಕ್ಕೆ ಕುಬುಂಟು 10.04 ಆಧಾರವಾದರೆ, 2014ರ ಲಿಮಕ್ಸ್ 5.0ಕ್ಕೆ ಕುಬುಂಟು 12.04 ಆಧಾರವಾಯಿತು. ನೌಕರರ ಪರದೆಯ ಮೇಲೆ ಕಾಣುತ್ತಿದ್ದುದು ಕೆಡಿಇ ಎಂಬ ಕಾರ್ಯಮೇಜು. ಅಂತರಜಾಲಕ್ಕೆ ಫೈರ್‌ಫಾಕ್ಸ್, ಇಮೇಲ್‌ಗೆ ಥಂಡರ್‌ಬರ್ಡ್, ಪತ್ರ ಹಾಗೂ ಲೆಕ್ಕಪಟ್ಟಿಗಳಿಗೆ ಓಪನ್‌ಆಫೀಸ್ ಇದ್ದವು. ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್‌ಗೆ ಹೋಗಲು 2012ರಲ್ಲಿ ತೀರ್ಮಾನವಾಯಿತು.

ವಲಸೆಯ ಕಾರ್ಯ

ಯೋಜನೆಯ ನಿಜವಾದ ಶ್ರಮ ಇದ್ದುದು ಇಲ್ಲಿ. ಪೀಟರ್ ಹಾಫ್‌ಮನ್ ಅವರ ನೇತೃತ್ವದ ತಂಡವು ಕೆಲಸಕ್ಕೆ ಕೈಹಾಕಿದಾಗ ಕಂಡುಕೊಂಡ ಮೊದಲ ಸತ್ಯವೆಂದರೆ, ನಗರದಲ್ಲಿ ಒಂದು ಗಣಕ ವ್ಯವಸ್ಥೆ ಇಲ್ಲವೆಂಬುದು. ಇಪ್ಪತ್ತರಷ್ಟು ಪ್ರತ್ಯೇಕ ಗಣಕ ಘಟಕಗಳು ತಮ್ಮ ತಮ್ಮ ಇಲಾಖೆಯ ಯಂತ್ರಗಳನ್ನು ತಮಗೆ ತೋಚಿದಂತೆ ನಡೆಸುತ್ತಿದ್ದವು. ಪ್ರತಿಯೊಂದರ ವಿಂಡೋಸ್ ಅಳವಡಿಕೆಯೂ ಬೇರೆ, ಜಾಲದ ಏರ್ಪಾಡೂ ಬೇರೆ, ಬಳಕೆದಾರರ ಪಟ್ಟಿಯೂ ಬೇರೆ. ಒಂದೇ ಕೆಲಸಕ್ಕೆ ಎರಡು ಇಲಾಖೆಗಳು ಎರಡು ತಂತ್ರಾಂಶಗಳನ್ನು ಬಳಸುತ್ತಿದ್ದುದೂ ಉಂಟು. ಲಿನಕ್ಸ್ ತರುವ ಮುನ್ನ ಇದೆಲ್ಲವನ್ನೂ ಎಣಿಸಿ ಒಂದು ಕ್ರಮಕ್ಕೆ ತರಬೇಕಾಯಿತು. ವಿಂಡೋಸ್ ಎಕ್ಸ್‌ಪಿಗೆ ಹೋಗಿದ್ದರೂ ಈ ಕೆಲಸ ತಪ್ಪುತ್ತಿರಲಿಲ್ಲ. ಆದರೆ ವಿಳಂಬವಾದಾಗ ಬೈಗುಳ ಬಿದ್ದುದು ಲಿನಕ್ಸ್‌ಗೆ.

ಎರಡನೆಯ ತೊಡಕು ಪತ್ರಗಳದು. ಯಾವುದೇ ನಗರಾಡಳಿತವೂ ದಿನಬೆಳಗಾದರೆ ಪ್ರಮಾಣಪತ್ರ, ನೋಟಿಸು, ರಸೀದಿ, ಜ್ಞಾಪನ ಎಂದು ನೂರಾರು ಬಗೆಯ ಕಾಗದಗಳನ್ನು ಹೊರಡಿಸುತ್ತದೆ. ಮ್ಯೂನಿಕ್‌ನಲ್ಲಿ ಇವೆಲ್ಲಕ್ಕೂ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ನಮೂನೆಗಳು ಇದ್ದವು. ಅವುಗಳೊಳಗೆ ನೌಕರರೇ ಬರೆದುಕೊಂಡ ಮ್ಯಾಕ್ರೊಗಳು ಅಡಗಿದ್ದವು. ಮ್ಯಾಕ್ರೊ ಎಂದರೆ ಹತ್ತಾರು ಹೆಜ್ಜೆಗಳ ಕೆಲಸವನ್ನು ಒಂದು ಗುಂಡಿ ಒತ್ತಿದರೆ ಮಾಡಿ ಮುಗಿಸುವ ಪುಟ್ಟ ಕ್ರಮವಿಧಿ. ಇಂತಹ ಸಾವಿರಾರು ನಮೂನೆಗಳು ಬೇರೆ ತಂತ್ರಾಂಶದಲ್ಲಿ ಹಾಗೆಯೇ ತೆರೆದುಕೊಳ್ಳುವುದಿಲ್ಲ. ತೆರೆದರೂ ಸಾಲು ಜರುಗುತ್ತದೆ, ಮೊಹರಿನ ಜಾಗ ತಪ್ಪುತ್ತದೆ, ಮ್ಯಾಕ್ರೊ ಸುಮ್ಮನಾಗುತ್ತದೆ. ಬರೆದ ನೌಕರ ನಿವೃತ್ತನಾಗಿದ್ದರೆ ಅದು ಏನು ಮಾಡುತ್ತಿತ್ತೆಂದು ಹೇಳುವವರೂ ಇಲ್ಲ.

ಇದಕ್ಕೆ ಪರಿಹಾರವಾಗಿ ನಗರದ ತಂಡವು ವೋಲ್‌ಮಕ್ಸ್ ಎಂಬ ಸೇರ್ಪಡೆಯನ್ನು ಸ್ವತಃ ಸಿದ್ಧಪಡಿಸಿತು. ಓಪನ್‌ಆಫೀಸ್‌ನೊಳಗೆ ಕೆಲಸ ಮಾಡುವ ಇದು ನೌಕರನ ಹೆಸರು, ಇಲಾಖೆ, ವಿಳಾಸ, ದೂರವಾಣಿಗಳನ್ನು ತಾನೇ ತುಂಬಿ ಪತ್ರದ ಶಿರೋನಾಮೆಯನ್ನು ಜೋಡಿಸುತ್ತಿತ್ತು. ಅರ್ಜಿ ನಮೂನೆಗಳನ್ನು ಪ್ರಶ್ನಾವಳಿಯಂತೆ ತೋರಿಸಿ ಉತ್ತರಗಳನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತಿತ್ತು. ಪ್ರತಿ ಇಲಾಖೆಗೆ ಪ್ರತ್ಯೇಕವಾಗಿದ್ದ ನಮೂನೆಗಳನ್ನು ಇದರಿಂದ ಬಹುಮಟ್ಟಿಗೆ ಒಗ್ಗೂಡಿಸಲಾಯಿತು. 2008ರಲ್ಲಿ ನಗರವು ವೋಲ್‌ಮಕ್ಸ್ ಅನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಇದು ಲಿಮಕ್ಸ್ ಯೋಜನೆಯ ಅತ್ಯುತ್ತಮ ಫಲವೆನ್ನಬಹುದು. ಇದು ವಿಂಡೋಸ್‌ನಲ್ಲಿಯೂ ಅಷ್ಟೇ ಚೆನ್ನಾಗಿ ನಡೆಯುತ್ತಿತ್ತೆಂಬುದು ಗಮನಾರ್ಹ.

ವಿಂಡೋಸ್ ಇದ್ದ ಯಂತ್ರಗಳಲ್ಲಿಯೇ ಮೊದಲು ಓಪನ್‌ಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್‌ಗಳನ್ನು ಅಳವಡಿಸಿ, ನೌಕರರಿಗೆ ಅವು ರೂಢಿಯಾದ ಮೇಲೆ ಕೆಳಗಿನ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಾಯಿಸುವುದು ತಂಡ ಅನುಸರಿಸಿದ ಕ್ರಮ. ನಿತ್ಯ ಬಳಸುವ ತಂತ್ರಾಂಶ ಅದೇ ಆಗಿದ್ದರೆ ತಳದಲ್ಲಿ ಏನಿದೆಯೆಂಬುದು ಬಳಸುವವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಇದರ ಜೊತೆಗೆ ಕಡತಗಳ ಸ್ವರೂಪವನ್ನೂ ಬದಲಾಯಿಸಲಾಯಿತು. 2006ರಲ್ಲಿ ಅಂತರರಾಷ್ಟ್ರೀಯ ಶಿಷ್ಟತೆಯ ಮನ್ನಣೆ ಪಡೆದ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್ ಅಥವಾ ಓಡಿಎಫ್ ನಗರದ ಒಳಗಿನ ವ್ಯವಹಾರಕ್ಕೆ ಮುಖ್ಯ ಸ್ವರೂಪವಾಯಿತು. ಆದರೆ ರಾಜ್ಯ ಸರ್ಕಾರ, ನೆರೆಯ ಪಟ್ಟಣಗಳು, ಗುತ್ತಿಗೆದಾರರು ಕಳುಹಿಸುತ್ತಿದ್ದ ಕಡತಗಳು ಮೈಕ್ರೋಸಾಫ್ಟ್ ಸ್ವರೂಪದಲ್ಲಿಯೇ ಇರುತ್ತಿದ್ದವು. ಹೊರಗಿನವರೊಂದಿಗೆ ಸೇರಿ ತಿದ್ದಬೇಕಾದ ಕಡತಗಳ ವಿಷಯದಲ್ಲಿ ದೂರುಗಳು ಕೊನೆಯವರೆಗೂ ನಿಲ್ಲಲಿಲ್ಲ.

ಮೂರನೆಯದು ವಿಶೇಷ ತಂತ್ರಾಂಶಗಳ ಸಮಸ್ಯೆ. ಕಟ್ಟಡ ನಕ್ಷೆ, ಜನನ ಮರಣ ನೋಂದಣಿ, ವಾಹನ ಪರವಾನಗಿ ಮೊದಲಾದ ಕೆಲಸಗಳಿಗೆ ಬಳಸುವ ತಂತ್ರಾಂಶಗಳಲ್ಲಿ ಕೆಲವನ್ನು ವಿಂಡೋಸ್‌ಗೆ ಮಾತ್ರ ತಯಾರಿಸಲಾಗಿರುತ್ತದೆ. ಮಾರಾಟಗಾರನಿಗೆ ಒಂದೇ ಊರಿಗಾಗಿ ಲಿನಕ್ಸ್ ಆವೃತ್ತಿ ತಯಾರಿಸುವ ಆಸಕ್ತಿ ಇರುವುದಿಲ್ಲ. ಮ್ಯೂನಿಕ್‌ನಲ್ಲಿ ಕೆಲವನ್ನು ಬ್ರೌಸರ್ ಮೂಲಕ ನಡೆಯುವಂತೆ ಮಾಡಲಾಯಿತು. ಕೆಲವನ್ನು ದೂರದ ಸರ್ವರ್‌ನಲ್ಲಿ ವಿಂಡೋಸ್ ಇಟ್ಟು ಅಲ್ಲಿಂದ ಬಳಸಲಾಯಿತು. ಯಾವುದಕ್ಕೂ ಬಗ್ಗದ ಕೆಲವಕ್ಕಾಗಿ ಕೆಲವು ಸಾವಿರ ವಿಂಡೋಸ್ ಯಂತ್ರಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕಾಯಿತು. ಪರಿಣಾಮವಾಗಿ ನಗರವು ಎಂದೂ ಒಂದೇ ವ್ಯವಸ್ಥೆಯದಾಗಲಿಲ್ಲ. ಎರಡನ್ನೂ ಸಾಕುವ ಖರ್ಚು ಉಳಿಯಿತು.

ಇಷ್ಟೆಲ್ಲದರ ನಡುವೆ ಬದಲಾವಣೆ ನಿಧಾನವಾಗಿಯೇ ಸಾಗಿತು. 2010ರ ಆರಂಭದಲ್ಲಿ ಲಿಮಕ್ಸ್ ಯಂತ್ರಗಳು ಸುಮಾರು 3,000 ಮಾತ್ರ ಇದ್ದವು. ಆ ಬಳಿಕ ವೇಗ ಹೆಚ್ಚಿ 2011ರ ಕೊನೆಗೆ ಸಂಖ್ಯೆ 9,000 ತಲುಪಿತು. 2013ರ ಡಿಸೆಂಬರ್‌ನಲ್ಲಿ ಯೋಜನೆ ಮುಗಿದಾಗ ಸುಮಾರು 15,500 ಯಂತ್ರಗಳಲ್ಲಿ 14,800ರಷ್ಟು ಲಿನಕ್ಸ್‌ನಲ್ಲಿದ್ದವು. ಅದೇ ಸಮಯದಲ್ಲಿ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಲ್ಲುವುದಿದ್ದುದರಿಂದ, ತಮ್ಮ ಹಳೆಯ ಯಂತ್ರವನ್ನು ಎಸೆಯಲಿಚ್ಛಿಸದ ನಾಗರಿಕರಿಗಾಗಿ ಗ್ರಂಥಾಲಯದ ಮೂಲಕ ಲುಬುಂಟು ಎಂಬ ಹಗುರ ಲಿನಕ್ಸ್‌ನ ಸಿಡಿಗಳನ್ನು ಹಂಚಲು ನಗರವು ಏರ್ಪಾಡು ಮಾಡಿತ್ತು.

ವೆಚ್ಚದ ವಿವಾದ

2012ರ ನವೆಂಬರ್‌ನಲ್ಲಿ ನಗರಾಡಳಿತವು ಪರಿಷತ್ತಿನ ಮುಂದಿಟ್ಟ ಲೆಕ್ಕದ ಪ್ರಕಾರ ಲಿಮಕ್ಸ್‌ಗೆ ಆದ ವೆಚ್ಚ ಸುಮಾರು 2.3 ಕೋಟಿ ಯೂರೋ. ವಿಂಡೋಸ್ 7 ಹಾಗೂ ಮೈಕ್ರೋಸಾಫ್ಟ್ ಆಫೀಸ್‌ಗೆ ಹೋಗಿದ್ದರೆ ಸುಮಾರು 3.4 ಕೋಟಿ ಯೂರೋ ಆಗುತ್ತಿತ್ತು. ಅಂದರೆ 1.1 ಕೋಟಿ ಯೂರೋಗಳಷ್ಟು ಉಳಿತಾಯ. ಎರಡು ತಿಂಗಳೊಳಗೆ ಇದಕ್ಕೆ ತದ್ವಿರುದ್ಧವಾದ ಅಂಕಿಅಂಶ ಹೊರಬಂತು. ಮೈಕ್ರೋಸಾಫ್ಟ್‌ಗಾಗಿ ಎಚ್‌ಪಿ ಸಂಸ್ಥೆ ಮಾಡಿದ ಅಧ್ಯಯನವು ಲಿಮಕ್ಸ್‌ನ ವೆಚ್ಚ 6.06 ಕೋಟಿ ಯೂರೋ ಎಂದೂ, ಮೈಕ್ರೋಸಾಫ್ಟ್ ಮಾರ್ಗದಲ್ಲಿ 1.7 ಕೋಟಿ ಯೂರೋ ಸಾಕಾಗುತ್ತಿತ್ತೆಂದೂ ಅಂದಾಜಿಸಿತು. ನಗರವು ಇದನ್ನು ಅಲ್ಲಗಳೆಯಿತು.

ಒಂದೇ ಊರಿನ ಒಂದೇ ಕೆಲಸಕ್ಕೆ ಇಷ್ಟು ಅಂತರವಿರುವ ಎರಡು ಲೆಕ್ಕಗಳು ಬರಲು ಕಾರಣ ಗೂಢವಾದುದೇನಲ್ಲ. ನಗರವು ಹೋಲಿಸಿದ್ದು ವಿಂಡೋಸ್ 7ರೊಂದಿಗೆ. ಎಚ್‌ಪಿ ಹೋಲಿಸಿದ್ದು ವಿಂಡೋಸ್ ಎಕ್ಸ್‌ಪಿ ಹಾಗೂ ಆಫೀಸ್ 2003ರೊಂದಿಗೆ. ಹಾಗೆ ಹೋಲಿಸಿದಾಗ ಎಕ್ಸ್‌ಪಿಯ ಆಯಸ್ಸು ಮುಗಿದ ಮೇಲೆ ಮತ್ತೆ ಬರುವ ಖರ್ಚು ಲೆಕ್ಕದಿಂದ ಹೊರಗುಳಿಯುತ್ತದೆ. ತರಬೇತಿ, ನಮೂನೆಗಳ ಮರುರಚನೆ, ಗಣಕ ಘಟಕಗಳ ಏಕೀಕರಣ ಇವುಗಳನ್ನು ಲಿನಕ್ಸ್‌ನ ಖಾತೆಗೆ ಬರೆಯಬೇಕೋ, ಯಾವ ಮಾರ್ಗ ಹಿಡಿದರೂ ಬರುತ್ತಿದ್ದ ಸಾಮಾನ್ಯ ಖರ್ಚೆನ್ನಬೇಕೋ ಎಂಬುದರ ಮೇಲೂ ಮೊತ್ತ ಬದಲಾಗುತ್ತದೆ. ಪರವಾನಗಿ ಶುಲ್ಕ ಇಂತಹ ಲೆಕ್ಕದ ಒಂದು ಭಾಗ ಮಾತ್ರ. ಇನ್ನೊಂದು ಸಂಗತಿಯೂ ಇದೆ: ಲಿನಕ್ಸ್ ಎಂಬ ಪರ್ಯಾಯ ಎದುರಿಗಿರದಿದ್ದರೆ 2003ರಲ್ಲಿ ಮೈಕ್ರೋಸಾಫ್ಟ್ ಬೆಲೆ ಇಳಿಸುತ್ತಿತ್ತೇ ಎಂಬ ಪ್ರಶ್ನೆಗೆ ಯಾವ ಅಧ್ಯಯನದಲ್ಲಿಯೂ ಅಂಕಣವಿಲ್ಲ.

ದೂರುಗಳು ಮತ್ತು ರಾಜಕೀಯ ಬದಲಾವಣೆ

ಇಪ್ಪತ್ತು ವರ್ಷ ಮೇಯರ್ ಆಗಿದ್ದ ಊಡೆ 2014ರಲ್ಲಿ ನಿವೃತ್ತರಾದರು. ಅವರದೇ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಡೀಟರ್ ರೈಟರ್ ಮೇಯರ್ ಆದರು. ಕ್ರಿಶ್ಚಿಯನ್ ಸೋಷಿಯಲ್ ಯೂನಿಯನ್ ಪಕ್ಷದ ಯೋಸೆಫ್ ಶ್ಮಿಡ್ ಎರಡನೆಯ ಮೇಯರ್ ಆದರು. ರೈಟರ್ ತಾವು ಮೈಕ್ರೋಸಾಫ್ಟ್‌ನ ಅಭಿಮಾನಿಯೆಂದು ಮರೆಮಾಚದೆ ಹೇಳಿಕೊಂಡವರು. ನಗರದ ಆರ್ಥಿಕ ಇಲಾಖೆಯ ಮುಖ್ಯಸ್ಥರಾಗಿದ್ದಾಗ, ಮೈಕ್ರೋಸಾಫ್ಟ್ ತನ್ನ ಜರ್ಮನಿಯ ಪ್ರಧಾನ ಕಚೇರಿಯನ್ನು ಹೊರವಲಯದ ಉಂಟರ್‌ಶ್ಲೈಸ್‌ಹೈಮ್‌ನಿಂದ ಮ್ಯೂನಿಕ್ ನಗರದೊಳಗೆ ತರುವ ನಿರ್ಣಯದಲ್ಲಿ ಅವರೂ ಪಾತ್ರ ವಹಿಸಿದ್ದರು. ಆ ಸ್ಥಳಾಂತರ 2016ರಲ್ಲಿ ನಡೆಯಿತು. ಟೀಕಾಕಾರರು ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಿದರು. ಅಂತಹ ಸಂಬಂಧವಿಲ್ಲವೆಂದು ನಗರಾಡಳಿತ ಹೇಳಿತು.

ನೌಕರರ ದೂರುಗಳು ಸುಳ್ಳಾಗಿರಲಿಲ್ಲ. ಯಂತ್ರಗಳು ನಿಧಾನ, ಮುದ್ರಣ ಸರಿಬರುವುದಿಲ್ಲ, ಹೊರಗಿನ ಕಡತಗಳು ಕೆಡುತ್ತವೆ, ಮೊಬೈಲ್ ದೂರವಾಣಿಯಲ್ಲಿ ಇಮೇಲ್ ಮತ್ತು ದಿನಚರಿ ಒಟ್ಟಿಗೆ ಸಿಗುವುದಿಲ್ಲ ಎಂಬಿವು ಮುಖ್ಯವಾದವು. ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೇರೆ ಬೇರೆ ಮೂಲಗಳು ಕಾಣುತ್ತವೆ. ಮೊಬೈಲ್ ಇಮೇಲ್‌ನ ತೊಡಕು ಸರ್ವರ್ ವ್ಯವಸ್ಥೆಯದು. ಮೇಜಿನ ಮೇಲಿನ ಯಂತ್ರದಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆ ಇದ್ದರೂ ಅದು ಹಾಗೆಯೇ ಇರುತ್ತಿತ್ತು. ನಿಧಾನದ ದೂರಿನಲ್ಲಿ ಹಳತಾದ ಯಂತ್ರಾಂಶದ ಹಾಗೂ ಕಾಲಕ್ಕೆ ಸರಿಯಾಗಿ ನವೀಕರಣಗೊಳ್ಳದ ಆವೃತ್ತಿಗಳ ಪಾಲೂ ಇತ್ತು. ಕಡತಗಳ ದೂರು ಮಾತ್ರ ಆಯ್ಕೆಯಿಂದಲೇ ನೇರವಾಗಿ ಹುಟ್ಟಿದುದು. ಆದರೆ ಸಹನೆ ಕಳೆದುಕೊಂಡ ನೌಕರನಿಗೆ ಈ ವಿಂಗಡಣೆಯಿಂದ ಸಮಾಧಾನವಾಗದು. ಅವನ ಮನೆಯ ಗಣಕದಲ್ಲಿ ವಿಂಡೋಸ್ ಇದೆ, ಕಚೇರಿಯದರಲ್ಲಿ ಇಲ್ಲ. ಕಣ್ಣಿಗೆ ಕಾಣುವ ವ್ಯತ್ಯಾಸ ಅದೊಂದೇ.

ವಿಂಡೋಸ್‌ಗೆ ಮರಳುವ ನಿರ್ಣಯ

ಹೊಸ ಆಡಳಿತವು ನಗರದ ಗಣಕ ವ್ಯವಸ್ಥೆಯ ಪರಿಶೀಲನೆಯನ್ನು ಆಕ್ಸೆಂಚರ್ ಸಂಸ್ಥೆಗೆ ಒಪ್ಪಿಸಿತು. 2016ರಲ್ಲಿ ಸಲ್ಲಿಕೆಯಾದ ವರದಿಯು ಅತಿ ದೊಡ್ಡ ದೋಷವನ್ನು ಕಂಡದ್ದು ಸಂಘಟನೆಯಲ್ಲಿ. ಅಧಿಕಾರ ಹಲವೆಡೆ ಹರಡಿಹೋಗಿದ್ದುದರಿಂದ ಒಂದು ತೀರ್ಮಾನ ಕಾರ್ಯರೂಪಕ್ಕೆ ಬರಲು ವಿಪರೀತ ಸಮಯ ಹಿಡಿಯುತ್ತಿತ್ತು. ವಿಂಡೋಸ್ ಯಂತ್ರವನ್ನು ಒದಗಿಸಬೇಕೆಂಬ ಸಲಹೆಯೂ ಅದರಲ್ಲಿತ್ತು. ಲಿನಕ್ಸ್ ಬಳಕೆಯನ್ನು ಒಮ್ಮೆಲೇ ಕೊನೆಗಾಣಿಸಬೇಕೆಂದು ಅದು ಹೇಳಿರಲಿಲ್ಲ. ಆಕ್ಸೆಂಚರ್ ಹಾಗೂ ಮೈಕ್ರೋಸಾಫ್ಟ್ ಕೂಡಿ ಸ್ಥಾಪಿಸಿದ ಅವನಾಡ್ ಎಂಬ ಕಂಪನಿ ಇರುವುದನ್ನು ಮುಕ್ತ ತಂತ್ರಾಂಶ ಸಂಘಟನೆಗಳು ಎತ್ತಿ ತೋರಿಸಿದವು.

2017ರ ಫೆಬ್ರವರಿ 15ರಂದು ಪರಿಷತ್ತು 2020ರ ಅಂತ್ಯದೊಳಗೆ ಎಲ್ಲ ಇಲಾಖೆಗಳಿಗೂ ಒಂದೇ ಬಗೆಯ ವಿಂಡೋಸ್ ಯಂತ್ರವನ್ನು ಒದಗಿಸುವ ಯೋಜನೆ ಸಿದ್ಧಪಡಿಸುವಂತೆ ಸೂಚಿಸಿತು. ಅದೇ ವರ್ಷದ ನವೆಂಬರ್ 23ರಂದು ಅಂತಿಮ ಒಪ್ಪಿಗೆ ದೊರೆಯಿತು. ಸುಮಾರು 29,000 ಯಂತ್ರಗಳ ಈ ಮರುವಲಸೆಗೆ 4.93 ಕೋಟಿ ಯೂರೋ ಅಂದಾಜಾಗಿತ್ತು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷವೂ ಕ್ರಿಶ್ಚಿಯನ್ ಸೋಷಿಯಲ್ ಯೂನಿಯನ್ನೂ ಕೂಡಿ ಬಹುಮತ ಒದಗಿಸಿದವು. ಹಸಿರು ಪಕ್ಷ ವಿರೋಧಿಸಿತು. ಲಿನಕ್ಸ್ ಕೈಬಿಡಲು ತಾಂತ್ರಿಕವಾಗಿ ಅನಿವಾರ್ಯ ಕಾರಣಗಳು ಕಾಣುವುದಿಲ್ಲವೆಂದು ನಗರದ ಗಣಕ ಸೇವಾ ಘಟಕದ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದ್ದರು. 2018ರಲ್ಲಿ ಚದುರಿದ್ದ ಅಧಿಕಾರವನ್ನು ಒಂದುಗೂಡಿಸಿ ಪ್ರತ್ಯೇಕ ಗಣಕ ಇಲಾಖೆಯನ್ನು ಸ್ಥಾಪಿಸಲಾಯಿತು. ವರದಿಯ ಮುಖ್ಯ ಸಲಹೆ ಜಾರಿಯಾದುದು ಆಗ.

2020ರ ಮೇ ತಿಂಗಳಲ್ಲಿ ಚುನಾವಣೆಯ ನಂತರ ಹಸಿರು ಪಕ್ಷ ಹಾಗೂ ಸೋಷಿಯಲ್ ಡೆಮಾಕ್ರಟರು ಮಾಡಿಕೊಂಡ ಮೈತ್ರಿ ಒಪ್ಪಂದದಲ್ಲಿ, ತಾಂತ್ರಿಕವಾಗಿ ಮತ್ತು ಆರ್ಥಿಕವಾಗಿ ಸಾಧ್ಯವಿರುವಲ್ಲೆಲ್ಲ ಮುಕ್ತ ಶಿಷ್ಟತೆಗಳಿಗೂ ಮುಕ್ತ ತಂತ್ರಾಂಶಕ್ಕೂ ಆದ್ಯತೆ ನೀಡಲಾಗುವುದೆಂಬ ಮಾತು ಸೇರಿತು. ಮೇಯರ್ ಆಗಿ ಮುಂದುವರಿದವರು ರೈಟರ್ ಅವರೇ.

ಇತರ ಆಡಳಿತಗಳ ಅನುಭವ

ಮ್ಯೂನಿಕ್‌ನ ಸಮಕಾಲೀನವಾಗಿ ಇತರ ಕೆಲವು ಆಡಳಿತಗಳೂ ಇದೇ ಆಯ್ಕೆಯನ್ನು ಎದುರಿಸಿದವು. ಆಸ್ಟ್ರಿಯಾದ ವಿಯೆನ್ನಾ ನಗರವು 2005ರಲ್ಲಿ ವಿಯನಕ್ಸ್ ಎಂಬ ಲಿನಕ್ಸ್ ಆವೃತ್ತಿಯನ್ನು ತಂದು, ಬಳಸುವುದು ಬಿಡುವುದು ಇಲಾಖೆಗಳ ಇಚ್ಛೆಗೆ ಬಿಟ್ಟಿತು. ಶಿಶುವಿಹಾರಗಳಿಗೆ ಬೇಕಾಗಿದ್ದ ಒಂದು ಭಾಷಾ ಪರೀಕ್ಷೆಯ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯದ ಕಾರಣ 2008ರಲ್ಲಿ ಅಲ್ಲಿನ ಯಂತ್ರಗಳು ವಿಂಡೋಸ್‌ಗೆ ಮರಳಿದವು. ಜರ್ಮನಿಯದೇ ಆದ ಫ್ರೈಬುರ್ಗ್ ನಗರವು ವಿಂಡೋಸನ್ನು ಉಳಿಸಿಕೊಂಡು ಓಪನ್‌ಆಫೀಸ್ ಮಾತ್ರ ಅಳವಡಿಸಿತ್ತು; 2012ರಲ್ಲಿ ಅದು ಮೈಕ್ರೋಸಾಫ್ಟ್ ಆಫೀಸ್‌ಗೆ ಹಿಂದಿರುಗಿತು. ಕಾರ್ಯಾಚರಣ ವ್ಯವಸ್ಥೆಯನ್ನು ಮುಟ್ಟದೆಯೂ ಕಡತಗಳ ತೊಡಕು ಬಂದೇ ಬರುತ್ತದೆಂಬುದಕ್ಕೆ ಇದು ನಿದರ್ಶನ.

ಫ್ರಾನ್ಸಿನ ಜಾಂಡಾರ್ಮರಿ ಎಂಬ ರಾಷ್ಟ್ರೀಯ ಪೊಲೀಸ್ ದಳದ ಕಥೆ ಬೇರೆ. ಅದು ಮೊದಲು ಓಪನ್‌ಆಫೀಸ್‌ಗೆ, ನಂತರ ಫೈರ್‌ಫಾಕ್ಸ್ ಹಾಗೂ ಥಂಡರ್‌ಬರ್ಡ್‌ಗೆ ಬದಲಾಗಿ, ಬಳಿಕವೇ ತನ್ನ ಸುಮಾರು 70,000 ಯಂತ್ರಗಳನ್ನು ಉಬುಂಟುವಿಗೆ ತರುವುದಾಗಿ 2008ರಲ್ಲಿ ಪ್ರಕಟಿಸಿತು. ಅಲ್ಲಿನ ಲಿನಕ್ಸ್ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಸೈನಿಕ ಶಿಸ್ತಿನ ಆ ದಳದಲ್ಲಿ ಆದೇಶ ಹೊರಡುವ ಜಾಗ ಒಂದೇ ಎಂಬುದು ಮ್ಯೂನಿಕ್‌ಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ. ಜರ್ಮನಿಯ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರ ಏಪ್ರಿಲ್‌ನಲ್ಲಿ ತನ್ನ ಸುಮಾರು 30,000 ಯಂತ್ರಗಳಿಗೆ ಮೊದಲು ಲಿಬ್ರೆಆಫೀಸ್, ಆಮೇಲೆ ಲಿನಕ್ಸ್ ಎಂಬ ಕ್ರಮವನ್ನೇ ಘೋಷಿಸಿದೆ.

ಭಾರತದಲ್ಲಿ

ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿದ ನೀತಿಯು ಇ-ಆಡಳಿತದ ಯೋಜನೆಗಳಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆನ್ನುತ್ತದೆ. ಬೇರೆಯದನ್ನು ಆರಿಸಿದರೆ ಕಾರಣ ಕೊಡಬೇಕು. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ರೂಪಿಸಿದ ಬಾಸ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶವಿದೆ. ಕೇರಳವು 2000ದ ದಶಕದ ಮಧ್ಯಭಾಗದಿಂದ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣವನ್ನು ಲಿನಕ್ಸ್‌ನಲ್ಲಿಯೇ ನಡೆಸುತ್ತ ಬಂದಿದೆ. ಶಾಲೆಗಳಲ್ಲಿ ಹಳೆಯ ನಮೂನೆಗಳ ಹೊರೆ ಇರಲಿಲ್ಲವೆಂಬುದು ಅಲ್ಲಿ ಅನುಕೂಲವಾಯಿತು.

ಕರ್ನಾಟಕದ ಕಚೇರಿಗಳಲ್ಲಿ ಮ್ಯೂನಿಕ್‌ನ ಮ್ಯಾಕ್ರೊಗಳ ಸ್ಥಾನದಲ್ಲಿ ಇರುವುದು ಅಕ್ಷರಗಳು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ, ರಾಜ್ಯ ಸರ್ಕಾರ ಅಂಗೀಕರಿಸಿದ ನುಡಿ ತಂತ್ರಾಂಶವು ವಿಂಡೋಸ್‌ಗಾಗಿ ತಯಾರಾದುದು. ಅದರ ಆರಂಭದ ಆವೃತ್ತಿಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ನುಡಿ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹೀಗೆ ಸಿದ್ಧವಾದ ಆದೇಶ, ಸುತ್ತೋಲೆ, ನಡವಳಿಗಳಿರುವ ಕಚೇರಿಗೆ ಲಿನಕ್ಸ್ ತರಬೇಕಾದರೆ ಮೊದಲು ಆ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ. ಯೂನಿಕೋಡ್‌ನಲ್ಲಿರುವ ಕನ್ನಡ ಎರಡೂ ವ್ಯವಸ್ಥೆಗಳಲ್ಲಿ ಒಂದೇ ಆಗಿ ಓದಿಸಿಕೊಳ್ಳುತ್ತದೆ. ಕೀಲಿಮಣೆಯ ಮಟ್ಟಿಗೆ ತೊಂದರೆಯಿಲ್ಲ: ನುಡಿಯಲ್ಲಿ ಬೆರಳಚ್ಚು ಕಲಿತವರಿಗೆ ಪರಿಚಿತವಾದ ಕಗಪ ವಿನ್ಯಾಸವು ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಈಗಾಗಲೇ ಸೇರಿದೆ.